ಪೂಜ್ಯ ವಿಡಾಲ್ ಪರೀಕ್ಷೆಯವರಿಗೆ ಒಂದು ಬಹಿರಂಗ ಪತ್ರ

ತೀರ್ಥರೂಪ ಸಮಾನರಾದ ವಿಡಾಲ್ ಪರೀಕ್ಷೆಯವರಿಗೆ, ಜ್ವರ ಬಂದು ಮಲಗಿರುವ ಸಮಸ್ತ ಪ್ರಜೆಗಳ ಪರವಾಗಿ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ ಎಂದು ಪತ್ರ ಶುರು ಮಾಡುವುದು ಹಿರಿಯರು ಕಲಿಸಿದ ಕ್ರಮ. ತಮ್ಮ ಕುಶಲದ ಬಗ್ಗೆ ನಮಗೆ ಸಂಶಯವಿಲ್ಲ. ಯಾವ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಎದುರಿಗೇ ಒಂದು ಲ್ಯಾಬು, ಅದರ ಬೋರ್ಡಿನಲ್ಲಿ ಶುಗರ್, ಮಲೇರಿಯಾ, ಡೆಂಗಿಗಳ ಜೊತೆ ತಮ್ಮ ಶುಭನಾಮ. ನಮ್ಮ ಕುಶಲವನ್ನು ಮಾತ್ರ ಅಷ್ಟು ಧೈರ್ಯವಾಗಿ ಹೇಳುವ ಹಾಗಿಲ್ಲ. ಮಳೆಗಾಲ ಹಿಡಿದಿದೆ, ಮನೆಗೊಬ್ಬರು ಕಂಬಳಿ ಹೊದ್ದಿದ್ದಾರೆ. ಇದು ಯಾವ ಜ್ವರ ಎಂದು ಕೇಳಿಕೊಂಡು ತಮ್ಮ ಬಾಗಿಲಿಗೆ ಬಂದವರಲ್ಲಿ ಬಹುಪಾಲು ಜನ ಒಂದೇ ಪ್ರಸಾದ ಹಿಡಿದು ಹಿಂತಿರುಗುತ್ತಿದ್ದಾರೆ: "ಸ್ವಲ್ಪ ಟೈಫಾಯ್ಡ್ ಇದೆ."

ಕಾಯಿಲೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ನಂಬಿ ಬೆಳೆದ ಪಾಮರರು ನಾವು. ಇವೆರಡರ ನಡುವೆ ಮೂರನೆಯ ನೆಲೆಯೊಂದಿದೆ ಎಂದು ತೋರಿಸಿಕೊಟ್ಟವರು ತಾವು. ದ್ವೈತಕ್ಕೂ ಅದ್ವೈತಕ್ಕೂ ಸಿಗದ ಈ ಸಿದ್ಧಾಂತ ಆಚಾರ್ಯರ ಕಾಲದಲ್ಲೇ ಹೊಳೆದಿದ್ದರೆ ಎಷ್ಟೋ ವಾದಗಳು ತಪ್ಪುತ್ತಿದ್ದವು.

ಮೊದಲು ತಮ್ಮ ವಂಶದ ಗುಣಗಾನ. ತಾವು ಹುಟ್ಟಿದ್ದು 1896ರಲ್ಲಿ, ಪ್ಯಾರಿಸ್ಸಿನಲ್ಲಿ. ನಮ್ಮ ವರಕವಿ ಬೇಂದ್ರೆಯವರ ವಾರಿಗೆಯವರು. ಮುಂಬೈಗೆ ಪ್ಲೇಗು ಬಂದಿಳಿದದ್ದೂ ಅದೇ ವರ್ಷ. ತಮ್ಮ ಜನಕರಾದ ಫೆರ್ನಾಂಡ್ ವಿಡಾಲ್ ಮಹಾಶಯರು ಸಾಮಾನ್ಯರಲ್ಲ. ಟೈಫಾಯ್ಡಿನ ರೋಗಾಣುವನ್ನು ಎಬರ್ತ್ 1880ರಲ್ಲೇ ಕಂಡಿದ್ದರು, ಗಾಫ್ಕಿ 1884ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದರು. ಆದರೂ ಎದುರಿಗೆ ಮಲಗಿದ ರೋಗಿಗೆ ಇರುವುದು ಅದೇ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ವೈದ್ಯರು ನಾಲಗೆಯ ಬಿಳುಪು, ಹೊಟ್ಟೆಯ ಮೇಲಿನ ಗುಲಾಬಿ ಚುಕ್ಕೆ, ದಿನದಿಂದ ದಿನಕ್ಕೆ ಏರುವ ಜ್ವರ ಇವನ್ನೇ ನೆಚ್ಚಬೇಕಿತ್ತು. ರೋಗಿಯ ರಕ್ತದ ತಿಳಿಯನ್ನು ಈ ರೋಗಾಣುಗಳ ಜೊತೆ ಬೆರೆಸಿದರೆ ಅವು ಗುಂಪುಗಟ್ಟುತ್ತವೆ ಎಂದು ವಿಡಾಲ್ ತೋರಿಸಿದರು. ವಿಯೆನ್ನಾದಲ್ಲಿ ಗ್ರೂಬರ್ ಮತ್ತು ಡರಮ್ ಅದೇ ವರ್ಷ ಈ ಗುಂಪುಗಟ್ಟುವಿಕೆಯನ್ನು ವಿವರಿಸಿದ್ದರು. ಅದನ್ನು ರೋಗಿಯ ಮಂಚದ ಪಕ್ಕಕ್ಕೆ ತಂದ ಕೀರ್ತಿ ತಮ್ಮ ತಂದೆಯವರದು. ಇಷ್ಟರಲ್ಲಿ ವ್ಯಂಗ್ಯವೇನೂ ಇಲ್ಲ, ದಯವಿಟ್ಟು ನಂಬಿ. ಅದು ಇನ್ನು ಮುಂದಿದೆ.

ತಮ್ಮ ಮನೆತನದ ಆಚಾರ ಬಹಳ ಕಟ್ಟುನಿಟ್ಟಿನದಾಗಿತ್ತಂತೆ. ಸಾಲಾಗಿ ಗಾಜಿನ ನಳಿಗೆಗಳನ್ನಿಟ್ಟು, ರಕ್ತದ ತಿಳಿಯನ್ನು ಹಂತಹಂತವಾಗಿ ತೆಳುಮಾಡಿ, ದೇಹದಷ್ಟೇ ಬಿಸಿಯಲ್ಲಿ ಇಡೀ ರಾತ್ರಿ ಇಟ್ಟು, ಬೆಳಿಗ್ಗೆ ಎದ್ದು ತಳದಲ್ಲಿ ಏನು ಕೂತಿದೆ ಎಂದು ನೋಡುವುದು. ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ವಾರ ಹತ್ತು ದಿನ ಬಿಟ್ಟು ಮತ್ತೆ ರಕ್ತ ತೆಗೆದು, ಎಷ್ಟು ತೆಳುಮಾಡಿದರೂ ಗುಂಪುಗಟ್ಟುತ್ತದೆ ಎಂಬ ಲೆಕ್ಕ ಮೊದಲ ಸಲಕ್ಕಿಂತ ನಾಲ್ಕು ಪಟ್ಟು ಏರಿದ್ದರೆ ಮಾತ್ರ ಟೈಫಾಯ್ಡ್ ಎನ್ನಬೇಕು ಎಂದು ವೈದ್ಯಕೀಯ ಪಠ್ಯಪುಸ್ತಕಗಳು ಹೇಳುತ್ತವೆ. ಈ ನಿಯಮವನ್ನು ಎಂಬಿಬಿಎಸ್ ಎರಡನೇ ವರ್ಷದ ಮಕ್ಕಳು ಬಾಯಿಪಾಠ ಮಾಡಿ ವೈವಾದಲ್ಲಿ ಒಪ್ಪಿಸುತ್ತಾರೆ. ಅದರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಹತ್ತು ದಿನದ ನಂತರ ಎರಡನೇ ಸಲ ರಕ್ತ ಕೊಟ್ಟು ಹೋಲಿಸಿ ನೋಡಿಸಿಕೊಂಡ ರೋಗಿಯನ್ನು ನಮ್ಮ ಬಳಗದಲ್ಲಿ ಯಾರೂ ಕಂಡಿಲ್ಲ.

ಈಗ ತಾವು ದರ್ಶನ ಕೊಡುವ ಪರಿಯೇ ಬೇರೆ. ಮೊನ್ನೆ ಒಂದು ಲ್ಯಾಬಿನಲ್ಲಿ ನಿಂತು ಕಣ್ತುಂಬ ನೋಡಿದೆ. ಅಂಗೈಯಗಲದ ಸ್ಲೈಡಿನ ಮೇಲೆ ಸಾಲು ಉಂಗುರಗಳು. ಪ್ರತಿ ಉಂಗುರದಲ್ಲೂ ರಕ್ತದ ತಿಳಿಯ ಒಂದು ಹನಿ. ಅದರ ಮೇಲೆ ಪುಟ್ಟ ಬಾಟಲಿಯಿಂದ ನೀಲಿಯದೋ ಕೆಂಪಿನದೋ ಇನ್ನೊಂದು ಹನಿ. ಕಡ್ಡಿಯಲ್ಲಿ ಕಲಸಿ, ಸ್ಲೈಡನ್ನು ಎತ್ತಿ ಟ್ಯೂಬ್‌ಲೈಟಿನ ಕೆಳಗೆ ಆ ಕಡೆ ಈ ಕಡೆ ಓಲಾಡಿಸಬೇಕು. ಒಂದು ನಿಮಿಷದೊಳಗೆ ಸಣ್ಣ ಕಾಳು ಕಟ್ಟಿದರೆ ಪಾಸಿಟಿವ್. ಟೆಕ್ನಿಷಿಯನ್ ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು, ಪಕ್ಕದವಳಿಗೂ ತೋರಿಸಿದಳು. "ಇದೆ ಅಲ್ವೇನೇ?" "ಇರೋ ಹಾಗಿದೆ." ರಿಪೋರ್ಟಿನಲ್ಲಿ ಅದು ದಪ್ಪ ಅಕ್ಷರದಲ್ಲಿ 1:160 ಆಯಿತು, ಅಂದರೆ ತಿಳಿಯನ್ನು 160 ಪಟ್ಟು ತೆಳುಮಾಡಿದರೂ ಗುಂಪುಗಟ್ಟುತ್ತದೆ ಎಂದು. ಆ ಹುಡುಗಿಯ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ. ಹಿಂದೆ ಇನ್ನೂ ಹತ್ತಾರು ಸ್ಯಾಂಪಲ್ ಕಾದಿದ್ದವು, ಕಿಟಕಿಯಲ್ಲಿ ಜನ ರಿಪೋರ್ಟ್ ಕೊಡಿ ಎಂದು ಕೈಚಾಚಿದ್ದರು. ಇಡೀ ರಾತ್ರಿಯ ತಪಸ್ಸನ್ನು ಒಂದು ನಿಮಿಷಕ್ಕೆ ಇಳಿಸಿಕೊಂಡ ತಮ್ಮ ಭಕ್ತವಾತ್ಸಲ್ಯಕ್ಕೆ ಏನೆನ್ನಲಿ!

ತಮ್ಮ ಜ್ಞಾಪಕಶಕ್ತಿಗಂತೂ ಅಡ್ಡಬಿದ್ದೆ. ತಾವು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ಎಂದೋ ತಯಾರಿಸಿಟ್ಟ ಪ್ರತಿಕಾಯಗಳನ್ನು. ನಮ್ಮಂಥ ಊರುಗಳಲ್ಲಿ ನಲ್ಲಿಯ ಪೈಪು ಚರಂಡಿಯೊಳಗಿನಿಂದಲೇ ಹಾದು ಬರುತ್ತದೆ. ಜಾತ್ರೆಯ ಐಸ್‌ಕ್ಯಾಂಡಿ, ಗಾಡಿಯ ಪಾನಿಪೂರಿ, ಮದುವೆ ಮನೆಯ ಪಾನಕ ಯಾವುದನ್ನೂ ಬಿಡದವರು ನಾವು. ಈ ರೋಗಾಣುವಿನ, ಅಥವಾ ಇದರ ದಾಯಾದಿಗಳಾದ ಬೇರೆ ಸಾಲ್ಮೊನೆಲ್ಲಾಗಳ ಪರಿಚಯ ಯಾವಾಗಲೋ ಆಗಿಹೋಗಿರುತ್ತದೆ. ಲಸಿಕೆ ಹಾಕಿಸಿಕೊಂಡಿದ್ದರೂ ಪ್ರತಿಕಾಯ ಇರಬಹುದು. ಮಲೇರಿಯಾದಂಥ ಬೇರೊಂದು ಜ್ವರ ಬಂದರೆ ಅದರ ಗದ್ದಲದಲ್ಲಿ ಹಳೆಯವೂ ತಲೆ ಎತ್ತುತ್ತವೆ. ತಾವು ಆ ಹಳೆಯ ಬಾಕಿಗೆಲ್ಲ ಹೊಸ ನೋಟಿಸು ಜಾರಿ ಮಾಡುತ್ತೀರಿ. ನಿಜವಾದ ಟೈಫಾಯ್ಡ್ ಬಂದು ವಾಸಿಯಾದವರಲ್ಲೂ ಈ ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಜ್ವರ ಬಿಟ್ಟು, ಬಾಯಿರುಚಿ ಮರಳಿ, ಗಂಜಿಯಿಂದ ಮುದ್ದೆಗೆ ಬಡ್ತಿ ಪಡೆದ ಮನುಷ್ಯ "ಎಲ್ಲಾ ಹೋಗಿದೆಯಾ ಒಂದ್ಸಲ ನೋಡಿಬಿಡೋಣ" ಎಂದು ತಮ್ಮಲ್ಲಿಗೆ ಬಂದರೆ, "ಇನ್ನೂ ರಕ್ತದಲ್ಲಿ ಇದೆ" ಎಂದು ಅಪ್ಪಣೆಯಾಗುತ್ತದೆ. ಮತ್ತೊಂದು ಕೋರ್ಸ್ ಇಂಜೆಕ್ಷನ್, ಮತ್ತೆ ಗಂಜಿ.

ಒಂದು ಬಾಯಿಲೆಕ್ಕ ಒಪ್ಪಿಸುತ್ತೇನೆ, ಅಪಚಾರವೆಂದು ಎಣಿಸಬಾರದು. ಅಂಕಿಗಳು ಊಹೆಯವು. ಜ್ವರ ಬಂದ 1000 ಜನರಲ್ಲಿ ನಿಜವಾಗಿ ಟೈಫಾಯ್ಡ್ ಇರುವವರು 50 ಮಂದಿ ಎಂದಿಟ್ಟುಕೊಳ್ಳೋಣ. ಅವರಲ್ಲಿ 35 ಜನರನ್ನು ತಾವು ಹಿಡಿದಿರಿ. ಸಂತೋಷ. ಇನ್ನುಳಿದ 950 ಜನ ಟೈಫಾಯ್ಡ್ ಇಲ್ಲದವರು. ಅವರಲ್ಲಿ ಐದಕ್ಕೊಬ್ಬರಂತೆ 190 ಜನರಿಗೂ ತಾವು ಪಾಸಿಟಿವ್ ದಯಪಾಲಿಸಿದಿರಿ. ಈಗ ಪಾಸಿಟಿವ್ ಕಾಗದ ಹಿಡಿದವರು 225, ಕಾಯಿಲೆ ಇರುವವರು 35. ಆರರಲ್ಲಿ ಒಬ್ಬರೂ ಇಲ್ಲ. ಪಾಸಿಟಿವ್ ಎಂಬ ಪದಕ್ಕೆ ಎಷ್ಟು ಬೆಲೆ ಎಂಬುದು ಪರೀಕ್ಷೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ, ಆ ಊರಿನಲ್ಲಿ, ಆ ಋತುವಿನಲ್ಲಿ ಕಾಯಿಲೆ ಎಷ್ಟಿದೆ ಎನ್ನುವುದರ ಮೇಲೂ ನಿಂತಿದೆ. ಈ ಲೆಕ್ಕ ಹೊಸದಲ್ಲ, ವೈದ್ಯಕೀಯ ಸಂಶೋಧನೆಯ ಓನಾಮ.

ಆ "ಎಷ್ಟಿದೆ" ಎಂಬುದನ್ನು ಎಣಿಸಿದವರೂ ಇದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನೇತೃತ್ವದಲ್ಲಿ 2017ರಿಂದ 2020ರವರೆಗೆ ದೆಹಲಿ, ಕೋಲ್ಕತ್ತ, ವೆಲ್ಲೂರು ಮತ್ತು ಪುಣೆ ಬಳಿಯ ಹಳ್ಳಿಗಳಲ್ಲಿ ಸಂಶೋಧಕರು ಮಕ್ಕಳ ಜ್ವರವನ್ನು ಬೆನ್ನುಹತ್ತಿ ನೋಡಿದರು. ನಗರದ ಇಕ್ಕಟ್ಟಾದ ಬಡಾವಣೆಗಳಲ್ಲಿ ಟೈಫಾಯ್ಡ್ ಧಾರಾಳವಾಗಿತ್ತು, ಪುಣೆಯ ಹಳ್ಳಿಗಳಲ್ಲಿ ತೀರಾ ಕಡಿಮೆ. ಅಂದರೆ ತಮ್ಮ ಅದೇ 1:160 ಒಂದು ಕಡೆ ಒಂದು ತೂಕ, ಇನ್ನೊಂದು ಕಡೆ ಇನ್ನೊಂದು ತೂಕ. ಹೇಳಲು ಸಂಕೋಚ, ಆದರೂ ಹೇಳಬೇಕು: ಆ ಸಂಶೋಧಕರು ಲೆಕ್ಕಕ್ಕೆ ಹಿಡಿದದ್ದು ಬ್ಲಡ್ ಕಲ್ಚರಿನಲ್ಲಿ ರೋಗಾಣು ಬೆಳೆದ ಪ್ರಕರಣಗಳನ್ನು. ತಮ್ಮನ್ನು ಸಾಕ್ಷಿಗೆ ಕರೆಯಲಿಲ್ಲ.

ಹಾಗೆಂದು ತಾವು ಎಲ್ಲರಿಗೂ ಹೌದೆನ್ನುವವರೇನಲ್ಲ. ಇಲ್ಲ ಎನ್ನಬಾರದ ಕಡೆ ಇಲ್ಲ ಎನ್ನುವ ಔದಾರ್ಯವೂ ತಮ್ಮಲ್ಲಿದೆ. ಪ್ರತಿಕಾಯ ಹುಟ್ಟಲು ಒಂದು ವಾರವಾದರೂ ಬೇಕು. ಜ್ವರದ ಮೂರನೇ ದಿನವೇ ಬಂದ ನಿಜವಾದ ಟೈಫಾಯ್ಡ್ ರೋಗಿಗೆ "ಏನಿಲ್ಲ, ವೈರಲ್ಲು" ಎಂದು ಅಭಯ ನೀಡಿ ಕಳುಹಿಸುತ್ತೀರಿ. ಅವನು ಪ್ಯಾರಸಿಟಮಾಲ್ ನುಂಗುತ್ತ ಹೊಲಗದ್ದೆ, ಆಫೀಸು ಎಂದು ಓಡಾಡಿಕೊಂಡಿರುತ್ತಾನೆ. ಮೂರನೇ ವಾರದ ಹೊತ್ತಿಗೆ ಕರುಳು ತೂತುಬೀಳುವ ಅಪಾಯವಿದೆ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ಆಂಟಿಬಯೋಟಿಕ್ ಬರುವ ಮುಂಚೆ ಈ ಜ್ವರ ಬಂದ ನೂರರಲ್ಲಿ ಹತ್ತರಿಂದ ಇಪ್ಪತ್ತು ಜನ ಸಾಯುತ್ತಿದ್ದರು. ಸಕಾಲದಲ್ಲಿ ಸರಿಯಾದ ಔಷಧಿ ಸಿಕ್ಕರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಸಕಾಲ ಎನ್ನುವುದನ್ನು ನಿರ್ಧರಿಸುವ ಹೊಣೆ ತಮ್ಮದಾಗಿದೆ, ಅದೇ ಚಿಂತೆ.

ಇನ್ನು ನಮ್ಮ ಮನೆಯ ವಿಚಾರ. ತಮ್ಮ ಕೃಪೆಯನ್ನು ನಾವು ಇಷ್ಟು ಹತ್ತಿರದಿಂದ ಅನುಭವಿಸಿದ್ದೇವೆ ಎಂದು ತಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪನ ಮಗನಿಗೆ ಮಳೆ ಕಡಿಮೆಯಾಗುವ ಹೊತ್ತಿಗೆ ಜ್ವರ ಬಂತು. ತಲೆ ಸಿಡಿಯುವ ನೋವು, ಮೈಕೈ ನೋವು. ರಕ್ತ ತೆಗೆದರು, ತಾವು 1:160 ಎಂದಿರಿ. ನರ್ಸಿಂಗ್ ಹೋಮಿನಲ್ಲಿ ಮಲಗಿಸಿ ಬೆಳಿಗ್ಗೆ ಸಂಜೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಏರಿಸಿದರು. ಅತ್ತಿಗೆ ಎಳನೀರು, ಬ್ರೆಡ್ಡು, ಗಂಜಿ ಎಂದು ಓಡಾಡಿದರು. ವಾರ ಕಳೆದರೂ ಜ್ವರ ಇಳಿಯಲಿಲ್ಲ. "ಟೈಫಾಯ್ಡ್ ಅಲ್ವಾ, ನಿಧಾನ" ಎಂದರು. ಕಣ್ಣು ಹಳದಿಯಾಯಿತು. "ಜಾಂಡೀಸಿಗೆ ತಿರುಗಿದೆ" ಎಂದರು. ಉಸಿರಿಗೆ ಕಷ್ಟವಾದಾಗ ಆಂಬುಲೆನ್ಸಿನಲ್ಲಿ ದೊಡ್ಡ ಊರಿಗೆ ಸಾಗಿಸಿದರು. ಅಲ್ಲಿನ ಎಳೆಯ ಡಾಕ್ಟರೊಬ್ಬರು ರಿಪೋರ್ಟುಗಳ ಫೈಲನ್ನು ಪಕ್ಕಕ್ಕಿಟ್ಟು, ಬಟ್ಟೆ ಬಿಚ್ಚಿಸಿ, ಬಗಲು, ತೊಡೆಸಂದು, ಬೆನ್ನು ಎಲ್ಲ ನೋಡುತ್ತ ಬಂದು ಉಡಿದಾರ ಸರಿಸಿದರು. ಅದರ ಕೆಳಗೆ ಕಾಳುಮೆಣಸಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಮುಟ್ಟಿದರೆ ನೋವಿಲ್ಲ, ಹಾಗಾಗಿ ಅವನಿಗೇ ಗೊತ್ತಿರಲಿಲ್ಲ. "ಹುಲ್ಲು ಕೊಯ್ಯೋಕೆ ಹೋಗಿದ್ರಾ ಅಣ್ಣಾ?" ಎಂದು ಕೇಳಿದರು. ಹೋಗದೆ ಏನು, ಮನೆಯಲ್ಲಿ ದನ ಇವೆ.

ಅದು ಸ್ಕ್ರಬ್ ಟೈಫಸ್. ಹುಲ್ಲು, ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ. ಆ ರೋಗಾಣು ನಮ್ಮ ಜೀವಕೋಶದ ಒಳಗೇ ಬಿಡಾರ ಹೂಡುವಂಥದು, ಸೆಫ್ಟ್ರಿಯಾಕ್ಸೋನ್ ಅದರ ಕೂದಲನ್ನೂ ಕೊಂಕಿಸಲಾರದು. ಅದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್ ಎಂಬ ಹಳೆಯ ಅಗ್ಗದ ಮಾತ್ರೆ. ಅದು ಬಿದ್ದ ಎರಡು ದಿನದಲ್ಲಿ ಜ್ವರ ಬಿಟ್ಟಿತು. ಉಸಿರು ಸರಿಹೋಗಲು, ಆಸ್ಪತ್ರೆಯ ಬಿಲ್ಲು ತೀರಲು ಇನ್ನೂ ಬಹಳ ಕಾಲ ಹಿಡಿಯಿತು. ಮನುಷ್ಯ ಉಳಿದ, ಈಗಲೂ ಹುಲ್ಲಿಗೆ ಹೋಗುತ್ತಾನೆ. ಇಲಿಜ್ವರ, ಡೆಂಗಿ, ಮಲೇರಿಯಾ, ಶಿವಮೊಗ್ಗ ಸೀಮೆಯ ಕಾಡಂಚಿಗೆ ಹೋದರೆ ಮಂಗನ ಕಾಯಿಲೆ: ಕರ್ನಾಟಕದಲ್ಲಿ ಜ್ವರಗಳಿಗೆ ಬರವೇ ಇಲ್ಲ. ಅಷ್ಟೂ ಜ್ವರಗಳನ್ನು ಒಂದೇ ಹೆಸರಿನ ಕೊಡೆಯಡಿ ಕರೆದು ಕೂರಿಸಿಕೊಂಡ ತಮ್ಮ ಸರ್ವಸಮಾನತೆಯ ಭಾವ ದೊಡ್ಡದು. ಒಮ್ಮೆ ಹೆಸರು ಸಿಕ್ಕಿತೆಂದರೆ ಮುಂದೆ ಯಾರೂ ಉಡಿದಾರ ಸರಿಸುವುದಿಲ್ಲ.

ಔಷಧಿಗಳ ವಿಷಯದಲ್ಲಿ ತಮ್ಮ ಸೇವೆಯನ್ನು ಮರೆತರೆ ಕೃತಘ್ನನಾದೇನು. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ಟೈಫಾಯ್ಡ್ ಪಳಗಿತು ಎಂದು ಜಗತ್ತು ಹಿಗ್ಗಿತ್ತು. 1972ರಲ್ಲಿ ಕೇರಳದಲ್ಲೇ ಅದಕ್ಕೆ ಬಗ್ಗದ ರೋಗಾಣು ಕಾಣಿಸಿತು. 1990ರ ಆಸುಪಾಸಿಗೆ ಹಳೆಯ ಔಷಧಿಗಳೆಲ್ಲ ಒಟ್ಟಿಗೇ ಕೈಕೊಟ್ಟವು. ಆಮೇಲೆ ಸಿಪ್ರೋಫ್ಲಾಕ್ಸಾಸಿನ್, ಅದೂ ಸೋತಿತು. ಈಗ ನೆಚ್ಚಿಕೊಂಡಿರುವುದು ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೋಮೈಸಿನ್. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನಿಗೂ ಮಣಿಯದ ಟೈಫಾಯ್ಡ್ ಹರಡಿತು. ಇಂಥ ಹೊತ್ತಿನಲ್ಲಿ ಕೊನೆಯ ಒಂದೆರಡು ಅಸ್ತ್ರಗಳನ್ನು ವೈರಲ್ ಜ್ವರದವರ ಮೇಲೂ ಪ್ರಯೋಗಿಸಲು ದಿನವೂ ಅಪ್ಪಣೆ ಚೀಟಿ ಬರೆದುಕೊಡುತ್ತಿದ್ದೀರಿ. ಇಲ್ಲದ ಶತ್ರುವಿನ ಮೇಲೆ ಬಾಣ ಬಿಟ್ಟು ಬತ್ತಳಿಕೆ ಬರಿದು ಮಾಡುವ ಈ ಯುದ್ಧನೀತಿ ಮಹಾಭಾರತದಲ್ಲಂತೂ ಇಲ್ಲ.

ತಮ್ಮ ಉತ್ತರಾಧಿಕಾರಿಗಳ ವಿಚಾರದಲ್ಲಿ ನಾನು ಪಕ್ಷಪಾತಿಯಲ್ಲ. ಬ್ಲಡ್ ಕಲ್ಚರ್ ಎಂಬುವರು ಪ್ರಾಮಾಣಿಕರು, ಆದರೆ ಸೋಮಾರಿಗಳು. ಎರಡು ಮೂರು ದಿನವಾದರೂ ಕಾಯಿಸುತ್ತಾರೆ. ರಕ್ತದ ಒಂದು ಮಿಲಿಲೀಟರಿಗೆ ಒಂದು ರೋಗಾಣು ಸಿಕ್ಕರೆ ಪುಣ್ಯ, ಹಾಗಾಗಿ ದೊಡ್ಡವರಲ್ಲಿ ಎಂಟು ಹತ್ತು ಮಿಲಿಲೀಟರ್ ರಕ್ತ ಬೇಡುತ್ತಾರೆ. ಅಷ್ಟು ಕೊಟ್ಟರೂ ಹತ್ತು ರೋಗಿಗಳಲ್ಲಿ ಐದಾರು ಜನರನ್ನು ಹಿಡಿದರೆ ಹೆಚ್ಚು. ಮೊದಲೇ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಿ ಬಂದವರಲ್ಲಿ ಅದೂ ಇಲ್ಲ. ತಾಲ್ಲೂಕಿನಲ್ಲಿ ಅವರ ಕಚೇರಿಯೇ ಇರುವುದಿಲ್ಲ. ಅಸ್ಥಿಮಜ್ಜೆಯ ಕಲ್ಚರ್ ಹೆಚ್ಚು ನಿಖರ, ಆದರೆ ಜ್ವರ ಎಂದು ಬಂದವನ ಮೂಳೆಗೆ ಸೂಜಿ ಹಾಕಿಸುವವರು ಯಾರು? ಟೈಫಿಡಾಟ್‌ನಂಥ ದಿಢೀರ್ ಕಿಟ್ಟುಗಳು, ಅಂದರೆ ತಮ್ಮ ಮೊಮ್ಮಕ್ಕಳು, ಚುರುಕಾಗಿದ್ದಾರೆ, ಆದರೆ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ಅವರಿಗೂ ಸಾಧಾರಣ ದರ್ಜೆಯನ್ನಷ್ಟೇ ಕೊಟ್ಟಿದೆ. ಡಾಕ್ಟರುಗಳ ಕಷ್ಟವೂ ಗೊತ್ತು. "ಮೂರು ದಿನ ಕಾಯೋಣ" ಎಂದರೆ ರೋಗಿ ನಾಳೆ ಪಕ್ಕದ ಕ್ಲಿನಿಕ್ಕಿನಲ್ಲಿರುತ್ತಾನೆ. ನಮಗೆ ಬೇಕಾದದ್ದು ಹೆಸರು. ಹೆಸರಿಲ್ಲದ ಜ್ವರವನ್ನು ಊರಿಗೆ ಫೋನ್ ಮಾಡಿ ಹೇಳುವುದು ಹೇಗೆ, ಆಫೀಸಿನಲ್ಲಿ ರಜೆ ಕೇಳುವುದು ಹೇಗೆ? ನೂರಿನ್ನೂರು ರೂಪಾಯಿಗೆ, ಒಂದು ಗಂಟೆಯೊಳಗೆ, ದಪ್ಪಕ್ಷರದಲ್ಲಿ ಹೆಸರು ಕೊಡುವವರು ತಾವೊಬ್ಬರೇ. ತಮ್ಮ ಸಿಂಹಾಸನದ ನಾಲ್ಕು ಕಾಲುಗಳಲ್ಲಿ ಒಂದನ್ನು ಹೊತ್ತವರು ನಾವೇ ಎಂದು ಒಪ್ಪುತ್ತೇನೆ. ಆದರೆ ಉಳಿದ ಮೂರನ್ನು ಹೊತ್ತವರು ಓದಿ ಬಲ್ಲವರು. ಒಂಟಿ ವಿಡಾಲ್ ರಿಪೋರ್ಟಿನಿಂದ ಟೈಫಾಯ್ಡ್ ಎನ್ನಲಾಗದು ಎಂದು ಸಮ್ಮೇಳನದಲ್ಲಿ ಭಾಷಣ ಮಾಡಿದವರ ಆಸ್ಪತ್ರೆಯ "ಫೀವರ್ ಪ್ಯಾಕೇಜಿ"ನಲ್ಲೂ ತಮಗೆ ಖಾಯಂ ಆಸನವಿದೆ.

ತಮ್ಮ ದೂರದ ಬಂಧುವೊಬ್ಬರ ಕಥೆ ಇಲ್ಲಿ ನೆನಪಿಸಬಹುದೇ? ಕ್ಷಯವನ್ನು ರಕ್ತದ ಪ್ರತಿಕಾಯ ನೋಡಿ ಹೇಳುತ್ತೇವೆಂದು ಹೊರಟ ಪರೀಕ್ಷೆಗಳಿದ್ದವು. ಇವು ತಪ್ಪು ದಾರಿಗೆ ಎಳೆಯುತ್ತವೆ, ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. ಭಾರತ ಸರ್ಕಾರ 2012ರಲ್ಲಿ ಅವನ್ನು ನಿಷೇಧಿಸಿತು. ತಯಾರಿಸುವ ಹಾಗಿಲ್ಲ, ತರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ. ಪ್ರಭುತ್ವ ಮನಸ್ಸು ಮಾಡಿದರೆ ಒಂದು ಪರೀಕ್ಷೆಯನ್ನು ಮನೆಗೆ ಕಳುಹಿಸಬಹುದು ಎಂಬುದು ನಮಗೆ ಅಂದು ತಿಳಿಯಿತು. ತಮ್ಮ ಮೇಲೆ ಅಂಥ ಆಜ್ಞೆ ಬರಲಿ ಎಂದು ಹಾರೈಸುವಷ್ಟು ಒರಟರಲ್ಲ ನಾವು. ಬಲವಂತದ ನಿವೃತ್ತಿಗಿಂತ ಸ್ವಯಂ ನಿವೃತ್ತಿಗೆ ಗೌರವ ಹೆಚ್ಚು.

ಆದಕಾರಣ ವಿನಮ್ರ ಪ್ರಾರ್ಥನೆ. ಸ್ಲೈಡಿನ ಮೇಲಿನ ಒಂದು ನಿಮಿಷದ ನರ್ತನವನ್ನು ದಯವಿಟ್ಟು ನಿಲ್ಲಿಸಬೇಕು. ಇರಲೇಬೇಕೆಂದಾದರೆ ತಮ್ಮ ತಲೆಮಾರಿನ ಆಚಾರಕ್ಕೆ ಮರಳಿ, ಗಾಜಿನ ನಳಿಗೆಯಲ್ಲಿ, ಎರಡು ಸಲ ರಕ್ತ ನೋಡಿದ ಮೇಲಷ್ಟೇ ಬಾಯಿ ತೆರೆಯಬೇಕು. "ಈ ಫಲಿತಾಂಶವೊಂದರಿಂದಲೇ ಟೈಫಾಯ್ಡ್ ಎಂದು ತೀರ್ಮಾನಿಸುವಂತಿಲ್ಲ" ಎಂಬ ಒಂದು ಸಾಲನ್ನು ಕನ್ನಡದಲ್ಲಿ, ಅದೇ ದಪ್ಪ ಅಕ್ಷರದಲ್ಲಿ, ತಮ್ಮ ಸಂಖ್ಯೆಗಳ ಕೆಳಗೆ ಮುದ್ರಿಸಲು ಅಪ್ಪಣೆ ಕೊಡಿಸಬೇಕು. ಪೂರ್ಣ ವಿಶ್ರಾಂತಿ ಬಯಸುವುದಾದರೆ ಸನ್ಮಾನಕ್ಕೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಸಿದ್ಧವಿದೆ.

ಇಂತಿ ತಮ್ಮ ವಿಧೇಯ,
ಜ್ವರ ಬಿಟ್ಟವನೊಬ್ಬ

ವಿ.ಸೂ.: ಇದು ಪೂಜ್ಯರಿಗಲ್ಲ, ಓದುಗರಿಗೆ. ಜ್ವರ ಮೂರು ನಾಲ್ಕು ದಿನ ದಾಟಿ, ಡಾಕ್ಟರು ಟೈಫಾಯ್ಡ್ ಇರಬಹುದು ಎಂದರೆ, ಆಂಟಿಬಯೋಟಿಕ್ ಶುರುವಾಗುವ ಮೊದಲೇ ಬ್ಲಡ್ ಕಲ್ಚರಿಗೆ ರಕ್ತ ತೆಗೆಯಬಹುದೇ ಎಂದು ಕೇಳಿ. ಹೊಲ, ತೋಟ, ಹುಲ್ಲುಗಾವಲಿಗೆ ಹೋಗುವವರಾದರೆ ಅದನ್ನು ಡಾಕ್ಟರು ಕೇಳದಿದ್ದರೂ ಹೇಳಿ. ಮೈಮೇಲೆ ಎಲ್ಲಾದರೂ ಕಪ್ಪು ಹಕ್ಕಳೆ ಇದೆಯೇ ಎಂದು ಮನೆಯವರಿಂದ ನೋಡಿಸಿಕೊಂಡೇ ಹೋಗಿ.